ಫೋನು ಕೆಳಗಿಡದವಳು

ಮಗಳು ನಾಲ್ಕು ವರ್ಷದವಳಿದ್ದಾಗ ಕತ್ತಲೆಂದರೆ ಹೆದರಿ ಸಾಯುತ್ತಿದ್ದಳು. "ಅಮ್ಮಾ ಅಂತ ಒಂದ್ಸಲ ಕೂಗು ಸಾಕು, ಕೈಲಿ ಏನೇ ಇದ್ರೂ ಬಿಸಾಕಿ ಓಡಿ ಬರ್ತೀನಿ" ಎಂದು ಮಾತು ಕೊಟ್ಟಿದ್ದೆ.

ಈಗ ಅವಳಿಗೆ ಹದಿಮೂರು. ಶಾಲೆಯ ಸ್ಪರ್ಧೆಗೆ ರಾಕ್ಷಸನ ಸಿನಿಮಾ ಮಾಡಲು ಹೊರಟಳು. ರಾಕ್ಷಸ ತಿಂದುಹಾಕಿದವರ ಫೋನು ಆಮೇಲೆ ಯಾರಿಗೋ ಸಿಗುತ್ತದೆ, ಅದರಲ್ಲಿದ್ದ ವಿಡಿಯೊವೇ ಸಿನಿಮಾ, ಅಂಥದ್ದು. ರಾಕ್ಷಸ ನನ್ನ ತಮ್ಮ. ನನ್ನ ಹೊಲಿಗೆ ಅಂಗಡಿಯಲ್ಲಿ ಉಳಿದ ಪರದೆ ಚೂರುಗಳನ್ನೆಲ್ಲ ಸೇರಿಸಿ ಅವನಿಗೆ ವೇಷ ಹೊಲಿದಿದ್ದೆ. ರಾಕ್ಷಸನಿಂದ ತಪ್ಪಿಸಿಕೊಂಡು ಓಡುವ ಹುಡುಗಿ ಅವಳೇ. ಫೋನು ಹಿಡಿದು ಅವಳ ಹಿಂದೆ ಓಡುವ ಗೆಳತಿ ನಾನು.

"ಇಷ್ಟು ದಪ್ಪ ಗೆಳತೀನಾ?" ಎಂದ ತಮ್ಮ.

"ಮಾವ, ಫೋನ್ ಹಿಡ್ದೋರು ಕಾಣ್ಸಲ್ಲ, ಸುಮ್ನಿರು" ಎಂದಳು ಮಗಳು. ನನಗೆ ಒಂದೇ ಕಟ್ಟಪ್ಪಣೆ: "ಏನೇ ಆದ್ರೂ ಫೋನ್ ಕೆಳಗಿಡ್ಬೇಡ."

ಭಾನುವಾರ ಮಧ್ಯಾಹ್ನ, ನಮ್ಮ ಕಟ್ಟಡದ ಮೆಟ್ಟಿಲು. ಆರು ಸಲ ತೆಗೆದರೂ ಅವಳ ಕಿರುಚಾಟ ಸಪ್ಪೆ. ನನಗೋ ಸಂಜೆಯೊಳಗೆ ಹನ್ನೊಂದು ಯೂನಿಫಾರಂಗೆ ಗುಂಡಿ ಹಾಕುವುದಿತ್ತು. ಏಳನೆಯ ಸಲ ಎಡವಿ ನಾಲ್ಕು ಮೆಟ್ಟಿಲು ಉರುಳಿದಳು. "ಅಮ್ಮಾ!" ಎಂದು ಚೀರಿದಳು. ಅಬ್ಬ, ಕೊನೆಗೂ ಬಂತು ಎಂದುಕೊಂಡು ಫೋನನ್ನು ಇನ್ನೂ ಹತ್ತಿರ ಒಯ್ದೆ.

"ಅಮ್ಮ ಅನ್ಬೇಡ ಕಣೇ, ನಾನು ನಿನ್ನ ಗೆಳತಿ. ಸರಿಯಾಗಿ ಹೇಳು!"

"ಅಮ್ಮಾ, ಕೈ..."

"ಅಳು ಚೆನ್ನಾಗಿದೆ, ಮುಖ ಈ ಕಡೆ ತಿರುಗ್ಸು."

ಪರದೆಗಳೊಳಗೆ ಬೆವರುತ್ತಿದ್ದ ರಾಕ್ಷಸನೇ ಎಲ್ಲ ಕಿತ್ತೆಸೆದು ಓಡಿ ಬಂದ. "ಅಕ್ಕಾ, ಕಣ್ಣು ಕಾಣ್ಸಲ್ವಾ ನಿಂಗೆ? ಕೈ ಮುರ್ದಿದೆ!"

ಮೂಳೆ ಡಾಕ್ಟರು ಕೇಳಿದಾಗ "ಬಿದ್ದ ಕೂಡ್ಲೇ ಎತ್ಕೊಂಡ್ ಬಂದ್ವಿ ಸಾರ್" ಎಂದೆ. ತಮ್ಮ ನೆಲ ನೋಡಿದ. ವಿಡಿಯೊದಲ್ಲಿ ಆ "ಕೂಡ್ಲೇ" ಹತ್ತೊಂಬತ್ತು ಸೆಕೆಂಡು ಇದೆ.

"ಅದೊಂದು ತೆಗೆದ್ಬಿಡೇ ಪುಟ್ಟಿ, ಜನರ ಮುಂದೆ ಮಾನ ಹೋಗತ್ತೆ" ಎಂದು ಬೇಡಿಕೊಂಡೆ.

"ಅದೊಂದೇ ಅಮ್ಮಾ, ನಿಜ ಅನ್ಸೋದು. ಮಿಕ್ಕಿದ್ದೆಲ್ಲ ನಾಟಕ."

ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು, ಒಂಟಿ ಕೈಯಲ್ಲೇ ಸಿನಿಮಾ ಜೋಡಿಸುತ್ತಿದ್ದಳು. ದಿಂಬು ಜಾರದಂತೆ ಸರಿಮಾಡಿ ಕೊಟ್ಟೆ.

ಶಾಲೆಯಲ್ಲಿ ಹೆತ್ತವರೆಲ್ಲ ಸೇರಿ ನೋಡಿದರು. "ಅಮ್ಮ ಅನ್ಬೇಡ ಕಣೇ" ಬಂದಾಗ ಸಭೆ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಿದ್ದ ಅವಳ ಪ್ಲಾಸ್ಟರ್ ಕಂಡು ಸುಮ್ಮನಾಯಿತು.

ಮೇಷ್ಟ್ರು ಕೇಳಿದರು, "ನೀನು ಅಷ್ಟು ಕೂಗ್ತಿದ್ರೂ ಫೋನ್ ಬಿಡ್ಲಿಲ್ವಲ್ಲ, ಯಾರಮ್ಮ ಆ ಮಹಾತಾಯಿ?"

ಮಗಳು ನನ್ನ ಕಡೆ ನೋಡಲೇ ಇಲ್ಲ. "ಪಕ್ಕದ್ಮನೆ ಆಂಟಿ ಸಾರ್. ನಮ್ಮಮ್ಮ ಅವತ್ತು ಅಂಗಡೀಲಿದ್ರು."

ಪಕ್ಕದಲ್ಲಿ ಕೂತಿದ್ದ ಹೆಂಗಸು "ಎಂಥಾ ಜನಾರೀ" ಎಂದು ನನ್ನತ್ತ ತಿರುಗಿದಳು. ಹೌದೆಂಬಂತೆ ತಲೆಯಾಡಿಸಿದೆ.

ಒಂದ್ಸಲ ಕೂಗಿದರೆ ಸಾಕು ಎಂದಿದ್ದೆ. ಎರಡು ಸಲ ಕೂಗಿದಳು. ನಾನು ಹೋಗಲಿಲ್ಲ.