ಮೂವತ್ತೊಂದು ಲೋಟ ಉಚ್ಚೆ

"ಬಾಗ್ಲು ಹಾಕ್ಬೇಡ ಕಣೇ ಮುಂಡೆ. ತೆಕ್ಕೊಂಡೇ ಹುಯ್ಯಿ. ನಿನ್ನ ಅಂದ ನೋಡೋಕೆ ಇಲ್ಲಿ ಯಾರೂ ಸಾಯ್ತಿಲ್ಲ."

ಸೂಪರ್‌ವೈಸರ್ ಕಕ್ಕಸಿನ ಹೊರಗೆ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗುತ್ತಿದ್ದ. ಒಳಗೆ ಕಾಲರ್ ಹೊಲಿಯುವವಳು ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು. ಲೋಟಕ್ಕೆ ಬೀಳುವುದು ಅವಳದೇ ಹೌದೋ ಅಲ್ಲವೋ ನೋಡಲಿಕ್ಕೆಂದು ಗೇಟು ಕಾಯುವ ಹೆಂಗಸನ್ನು ಎದುರಿಗೇ ನಿಲ್ಲಿಸಿದ್ದರು. ಆ ಕಾವಲು ಹೆಂಗಸು ನಾಚಿಕೆಯಿಂದ ಗೋಡೆ ನೋಡುತ್ತಿದ್ದಳು.

ಅದು ಶರ್ಟು ಹೊಲಿಯುವ ಕಾರ್ಖಾನೆ. ಪ್ರತಿ ತಿಂಗಳ ಮೊದಲ ಸೋಮವಾರ ನಡೆಯುವ ಈ ಕೆಲಸಕ್ಕೆ ಆರೋಗ್ಯ ತಪಾಸಣೆ ಎಂದು ಹೆಸರು. ಬಟ್ಟೆ ಕತ್ತರಿಸುವ ಗಂಡಸರಿಗೆ ಈ ಆರೋಗ್ಯ ಬೇಕಿರಲಿಲ್ಲ, ಹೊಲಿಯುವ ಹೆಂಗಸರಿಗೆ ಮಾತ್ರ. ನರ್ಸಮ್ಮ ಲೋಟದಲ್ಲಿ ಒಂದು ಪಟ್ಟಿ ಅದ್ದುತ್ತಾಳೆ. ಒಂದು ಗೆರೆ ಮೂಡಿದರೆ ಹೊಲಿ, ಎರಡು ಮೂಡಿದರೆ ಮನೆಗೆ ನಡೆ. ಬಸುರಿಗೆ ಹೆರಿಗೆಯ ಹೊತ್ತಿಗೆ ಸಂಬಳದ ರಜೆ ಕೊಡಲೇಬೇಕೆಂದು ಕಾನೂನಿತ್ತು. ಕಂಪನಿಗೆ ಕಾನೂನಿನ ಮೇಲೆ ಬಲು ಗೌರವ. ಹಾಗಾಗಿ ಯಾರನ್ನೂ ಹೆರಿಗೆಯವರೆಗೆ ಬಿಡುತ್ತಿರಲಿಲ್ಲ.

ಬಕೆಟ್ ಅಜ್ಜಿ ಮೂಲೆಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ಹದಿನೆಂಟು ವರ್ಷದಿಂದ ಆ ಕಕ್ಕಸು ತೊಳೆಯುವವಳು ಅವಳು. ಯಾರು ಯಾವಾಗ ಮುಟ್ಟಾದರು, ಯಾರಿಗೆ ನಿಂತಿತು, ಯಾರಿಗೆ ಜಾರಿತು ಎಂಬುದೆಲ್ಲ ನರ್ಸಮ್ಮನಿಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಹೋದ ವರ್ಷ ಇದೇ ಕಾಲರ್‌ನವಳು ಕೆಲಸ ಉಳಿಸಿಕೊಳ್ಳಲು ಅಜ್ಜಿಗೂ ಹೇಳದೆ ಯಾರೋ ಕೊಟ್ಟ ಗುಳಿಗೆ ನುಂಗಿ ಕಕ್ಕಸಿನಲ್ಲೇ ಕುಸಿದಾಗ, ಅವಳನ್ನು ಎತ್ತಿ ಕೂರಿಸಿ ನೆಲ ತೊಳೆದವಳೂ ಅಜ್ಜಿಯೇ.

ಈಗ ಕಾಲರ್‌ನವಳಿಗೆ ಮತ್ತೆ ಮೂರು ತಿಂಗಳು.

"ಈ ಸಲ ತೆಗೆಸಲ್ಲ ಅಜ್ಜಿ," ಎಂದಿದ್ದಳು. "ಕೆಲಸಾನೂ ಬಿಡಲ್ಲ. ನಮ್ಮನೆಯವರು ಕಾಲು ಮುರ್ಕೊಂಡು ಬಿದ್ದಿದಾರೆ. ನಾನೂ ಮನೇಲಿ ಕೂತ್ರೆ ಒಲೆ ಹತ್ತಲ್ಲ."

"ಹೆದರ್ಬೇಡ ಮಗಾ, ನಾನಿಲ್ವಾ," ಎಂದಿದ್ದಳು ಅಜ್ಜಿ.

ಅಜ್ಜಿ ಇದ್ದಾಳೆಂದರೆ ಅಜ್ಜಿಯ ಉಚ್ಚೆ ಇದೆಯೆಂದು ಅರ್ಥ. ಅವಳ ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು. ತಪಾಸಣೆಯ ದಿನ ಬಸುರಿ ಕಕ್ಕಸಿಗೆ ಬಂದರೆ ಪಕ್ಕದ ಗೋಡೆಯ ಕೆಳಗಿನ ಸಂದಿಯಿಂದ ಅಜ್ಜಿಯ ಲೋಟ ಆ ಕಡೆ ಜಾರುತ್ತಿತ್ತು. ಹಾಗೆ ಜಾರಿದ ಲೋಟಗಳಿಂದ ಒಂಬತ್ತು ಮಕ್ಕಳು ಹುಟ್ಟಿದ್ದವು. ಅವುಗಳಲ್ಲಿ ಒಂದು ಅಜ್ಜಿಯ ಮುಖ ಕಂಡರೆ ಸಾಕು, ಕಿಟಾರನೆ ಅಳುತ್ತಿತ್ತು. ಉಪಕಾರ ಸ್ಮರಣೆ ಅಂದರೆ ಅದು.

ಆದರೆ ಹೋದ ತಿಂಗಳು ತೋಳು ಹೊಲಿಯುವವಳೊಬ್ಬಳು, ನಾಲ್ಕು ಸಲ ಒಂದೇ ಗೆರೆ ಬಂದವಳು, ಹೊಟ್ಟೆ ಮುಂದೆ ಮಾಡಿಕೊಂಡು ಬಂದು ರಜೆ ಕೇಳಿದಳು. ಮ್ಯಾನೇಜರ್‌ಗೆ ಬೆಂಕಿ ಬಿದ್ದಂತಾಯಿತು. ಸಂದಿಗೆ ಸಿಮೆಂಟು ಬಂತು, ಬಾಗಿಲು ತೆರೆದಿಡಬೇಕು ಎಂದು ಹುಕುಂ ಬಂತು.

"ಏ ಮುದುಕಿ, ನೀನೂ ಹುಯ್ಯಿ," ಎಂದ ಸೂಪರ್‌ವೈಸರ್. "ಈ ವಯಸ್ಸಲ್ಲಿ ಯಾವನಿಗೆ ಸೆರಗು ಹಾಸಿದೀಯೋ, ಯಾರಿಗ್ ಗೊತ್ತು?"

ಮಿಷನ್ ರಿಪೇರಿಯವರಿಬ್ಬರು ಕಿಸಕ್ಕನೆ ನಕ್ಕರು. ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಲೋಟ ತೆಗೆದುಕೊಂಡಳು.

ಲೈನಿನಲ್ಲಿ ಕೂತು ಹೊಲಿಯುವ ಮೂವತ್ತು ಹೆಂಗಸರದು, ಅಜ್ಜಿಯದೊಂದು. ಒಂದೊಂದಕ್ಕೂ ನಂಬರಿನ ಚೀಟಿ. ಇಷ್ಟೆಲ್ಲ ಕಾವಲು ಹಾಕಿದ ಬುದ್ಧಿವಂತರು ಅವನ್ನು ನರ್ಸಮ್ಮನ ಕೋಣೆಗೆ ಹೊರುವವರು ಯಾರೆಂದು ಮಾತ್ರ ಯೋಚಿಸಿರಲಿಲ್ಲ. ಸೂಪರ್‌ವೈಸರ್ ಮಾರುದೂರ ಸರಿದು, "ತಗೊಂಡ್ಹೋಗೇ, ನಂಗೆ ವಾಕರಿಕೆ ಬರುತ್ತೆ," ಎಂದ. ಕಾವಲು ಹೆಂಗಸೂ ಕೈ ಒರೆಸಿಕೊಂಡು ಹೊರಟಳು. ಲೋಟಗಳ ತಟ್ಟೆ ಅಜ್ಜಿಯ ಕೈಗೇ ಬಂತು.

ದಾರಿಯಲ್ಲಿ ಕಸಬರಿಗೆ ಇಡುವ ಕೋಣೆಯಿತ್ತು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಕಾಲರ್‌ನವಳದನ್ನು ಚೆಲ್ಲಿ ತನ್ನದನ್ನು ಸುರಿದರೆ ಇವತ್ತಿಗೆ ಗೆದ್ದಂತೆ. ಮುಂದಿನ ತಿಂಗಳು? ಹೊಟ್ಟೆಯೇನು ಗಂಟು ಕಟ್ಟಿ ಅಟ್ಟದ ಮೇಲಿಡುವ ವಸ್ತುವೇ? ಅಜ್ಜಿಗೆ ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತು. ತಾನು ಚಹಾ ಕಲಕುವ ಚಮಚ ತೆಗೆದು, ಕಾಲರ್‌ನವಳ ಲೋಟದಿಂದ ಉಳಿದೆಲ್ಲ ಲೋಟಗಳಿಗೂ ಅರ್ಧರ್ಧ ಚಮಚ ಬಡಿಸಿದಳು. ಹೆತ್ತ ತಾಯಿ ಕೂಡ ಮಕ್ಕಳಿಗೆ ಅಷ್ಟು ಭೇದವಿಲ್ಲದೆ ಬಡಿಸಲಾರಳು. ಆಮೇಲೆ ಚಮಚ ಕಸದ ಡಬ್ಬಿಗೆ ಹಾಕಿದಳು.

ನರ್ಸಮ್ಮ ಮೊದಲ ಪಟ್ಟಿ ಅದ್ದಿದಳು. ಎರಡು ಗೆರೆ. ಎರಡನೆಯದಕ್ಕೂ ಎರಡು. ಆರಾದ ಮೇಲೆ ಕನ್ನಡಕ ಒರೆಸಿಕೊಂಡಳು. ಹತ್ತಾದ ಮೇಲೆ ಪಟ್ಟಿಗಳ ಹೊಸ ಡಬ್ಬಿ ಒಡೆದಳು. ಕೊನೆಯ ಲೋಟದ ಚೀಟಿ ನೋಡಿ ಬಾಯಿಯ ಮೇಲೆ ಕೈಯಿಟ್ಟಳು.

"ಅಜ್ಜಿ, ನಿಂದೂ..."

"ದೇವರು ದೊಡ್ಡೋನು ನರ್ಸಮ್ಮ."

ಸುದ್ದಿ ಕೇಳಿದ ಮ್ಯಾನೇಜರ್ ನಂಬಲಿಲ್ಲ, ಎಲ್ಲವನ್ನೂ ತನ್ನ ಕೋಣೆಗೇ ತರಿಸಿದ. ಅಜ್ಜಿ ಮೂವತ್ತೊಂದನ್ನೂ ಅವನ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿದಳು.

"ಲೈನಿಗೆ ಲೈನೇ ಬಸುರಾ?" ಅವನು ಸೂಪರ್‌ವೈಸರ್ ಕಡೆ ತಿರುಗಿದ. "ಏನಯ್ಯಾ ಮಾಡ್ತಿದ್ದೆ ನೀನು?"

"ನಾನೇನೂ ಮಾಡಿಲ್ಲ ಸಾರ್, ಮಕ್ಕಳಾಣೆ."

ನರ್ಸಮ್ಮ ಕೆಮ್ಮಿದಳು. ಗುರುವಾರ ಮಾಲು ಹೋಗಬೇಕು. ಲೈನನ್ನೇ ಮನೆಗೆ ಕಳಿಸಿದರೆ ಮ್ಯಾನೇಜರೇ ಕೂತು ಕಾಲರ್ ಹೊಲಿಯಬೇಕಾಗುತ್ತಿತ್ತು. ಅಷ್ಟರಲ್ಲಿ ಅವನ ಕಣ್ಣು ಅಜ್ಜಿಯ ನಂಬರಿನ ಮೇಲೆ ಬಿತ್ತು.

"ಏನ್ ಬೆರೆಸಿದೆ ಬೋಳಿ?"

"ಒಂದು ಬಸುರೀದು ಎಲ್ಲಕ್ಕೂ ಹಾಕಿದೆ. ಯಾರದು ಅಂತ ಕೇಳ್ಬೇಡಿ, ಸತ್ರೂ ಹೇಳಲ್ಲ."

"ನಾಳೆಯಿಂದ ಅಲ್ಲ, ಈಗಿಂದ್ಲೇ ಕೆಲಸ ಇಲ್ಲ ನಿಂಗೆ. ಇನ್ನೊಂದ್ಸಲ ಹಿಡೀರಿ ಎಲ್ಲರದೂ. ಮೊದ್ಲು ಇದನ್ನೆಲ್ಲ ಎತ್ತು."

"ಕೆಲಸ ಇಲ್ಲ ಅಂದ್ಮೇಲೆ ನಾನ್ಯಾಕೆ ಎತ್ಲಿ ಸ್ವಾಮಿ?" ಎಂದಳು ಅಜ್ಜಿ. "ಇವರು ಎತ್ತಲಿ."

ಸೂಪರ್‌ವೈಸರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಅಜ್ಜಿ ತನ್ನ ಬಕೆಟ್ ತೆಗೆದುಕೊಂಡು ಲೈನಿಗೆ ಬಂದಳು. ಏನಾಯಿತೆಂದು ಹೇಳಲು ನಾಲ್ಕು ಮಾತು ಸಾಕಾಯಿತು. ಹಿಂದೆಯೇ ಸೂಪರ್‌ವೈಸರ್ ಹೊಸ ಲೋಟಗಳ ಪೊಟ್ಟಣ ಒಡೆದುಕೊಂಡು ಬಂದು ಮೊದಲನೆಯದನ್ನು ಕಾಲರ್‌ನವಳ ಮಿಷನ್ ಮೇಲೆ ಕುಕ್ಕಿದ.

"ಏಳೇ, ನಡಿ."

ಅವಳು ಕಾಲರ್ ಮುಗಿಸಿ ದಾರ ಕತ್ತರಿಸಿದಳು. ಕತ್ತರಿಸಿದ ಚೂರುಗಳನ್ನೆಲ್ಲ ಬಳಿದು ಆ ಲೋಟಕ್ಕೆ ತುಂಬಿದಳು.

"ಬಸುರಿ ನಾನೇ. ಹುಯ್ಯಲ್ಲ, ಏಳೋದೂ ಇಲ್ಲ. ಏನ್ ಕಿತ್ಕೋತೀಯೋ ಕಿತ್ಕೋ."

ಸೂಪರ್‌ವೈಸರ್ ಪಕ್ಕದವಳ ಮುಂದೆ ಇನ್ನೊಂದು ಲೋಟ ಕುಕ್ಕಿದ. ಅವಳು ಅದಕ್ಕೆ ಒಡೆದ ಗುಂಡಿ ಹಾಕಿದಳು. ಅವಳಾಚೆಯವಳು ತನ್ನದಕ್ಕೆ ಮುರಿದ ಸೂಜಿ ಹಾಕಿದಳು. ಅವನು ಏನೋ ಬೈದ. ಮಿಷನ್ನುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಮ್ಯಾನೇಜರ್ ತನ್ನ ಕೋಣೆಯ ಬಾಗಿಲು ತೆರೆದು, "ಇದನ್ನ ಯಾರಾದ್ರೂ ಎತ್ರೋ," ಎಂದು ಕೂಗುತ್ತಿದ್ದ. ಅಜ್ಜಿ ಅವನ ಬಾಗಿಲೆದುರೇ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತಳು.