ಕೋಡಿಯಿಲ್ಲದ ಚುಕ್ಕಿಕೆರೆ

ಬೆಳಗಾಗುವಷ್ಟರಲ್ಲಿ ಗುರುಶಾಂತಮ್ಮನ ಹಾಲು ಕರೆಯುವ ಹಸು ಸತ್ತುಬಿದ್ದಿತ್ತು. ಹಿಂದಿನ ಸಂಜೆ ಚುಕ್ಕಿಕೆರೆಯಲ್ಲಿ ನೀರು ಕುಡಿದು ಬಂದದ್ದೇ ಬಂದದ್ದು, ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ಅತ್ತ ಕೆರೆಯಲ್ಲಿ ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಯಾರೋ ಕೆರೆ ಮೈಲಿಗೆ ಮಾಡವ್ರೆ ಕಣ್ರೀ. ಶಿವ ಮುನಿಸ್ಕೊಂಡವ್ನೆ" ಎಂದು ಗುರುಶಾಂತಮ್ಮ ಕೊಟ್ಟಿಗೆ ಬಾಗಿಲಲ್ಲೇ ಕುಸಿದು ಕೂತಳು. ಗಂಡ ದೇವೀರಪ್ಪ ಹಾರೆ ಹಿಡಿದು, ಹಸುವನ್ನು ಹೂಳಲು ಹಿತ್ತಿಲಾಚೆ ಗುಂಡಿ ತೋಡಲು ಹೋದ.

ಬಾಳ್ಳುಪೇಟೆಯಿಂದ ಒಳಗೆ, ಕಾಫಿತೋಟಗಳ ನಡುವಿರುವ ಆ ಊರಿಗೆ ಚುಕ್ಕಿಕೆರೆ ಅಂದರೆ ದೇವರೇ. ಎಂದೋ ಆಕಾಶದಿಂದ ಚುಕ್ಕಿ ಬಿದ್ದು ಆದ ಗುಂಡಿಯಂತೆ, ಬೋಗುಣಿ ಹಾಗೆ ದುಂಡಗಿದೆ. ಉಲ್ಕೆ ಬಿದ್ದ ಜಾಗವೇ ಇರಬೇಕು ಎಂದು ಕಾಲೇಜಿನವರೂ ಬಂದು ನೋಡಿ ಹೇಳಿದ್ದರು. ಅದಕ್ಕೆ ನೀರು ಹೊರಗೆ ಹರಿಯುವ ಕೋಡಿ ಇಲ್ಲ. "ನಮ್ ತೀರ್ಥ ಒಂದು ತೊಟ್ಟೂ ಪರರ ಪಾಲಾಗಕಿಲ್ಲ" ಎಂದು ಗುರುಶಾಂತಮ್ಮ ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದಳು. ಊರಲ್ಲಿ ಹುಟ್ಟಿದ ಕೂಸಿಗೆಲ್ಲ ಇಪ್ಪತ್ತೊಂದನೇ ದಿನ ಆ ನೀರನ್ನು ನಾಲಿಗೆಗೆ ಬಿಡುವುದು ಪದ್ಧತಿ. ಮಗಳು ತನುಜಾಳ ಕೂಸಿಗೆ ಅಂದೇ ಇಪ್ಪತ್ತೊಂದು. ಹಿಂದಿನ ಸಂಜೆ ತುಂಬಿ ತಂದ ತೀರ್ಥದ ಚೆಂಬು ಆಗಲೇ ದೇವರ ಮುಂದೆ ಕೂತಿತ್ತು.

ಬಾಣಂತಿಯನ್ನು ನೋಡಲು ಬಂದ ನರ್ಸಮ್ಮ ದೀಪಶ್ರೀ ಸತ್ತ ಹಸುವಿನ ಬಾಯಿಯ ನೊರೆ ಕಂಡು ಕೊಟ್ಟಿಗೆಯ ಮುಂದೆಯೇ ನಿಂತುಬಿಟ್ಟಳು.

"ಅಮ್ಮಾ, ಕಾಫಿಗೆ ಔಷಧಿ ಹೊಡೆದ್ರಲ್ಲ, ಪಂಪು ಎಲ್ಲಿ ತೊಳೆದ್ರಿ?"

"ಇನ್ನೆಲ್ಲಿ ತಾಯಿ? ಕೆರೇಲೇ. ಊರೋರೆಲ್ಲಾ ನೆನ್ನೆ ಮಧ್ಯಾಹ್ನ ಅಲ್ಲೇ ತೊಳೆದ್ರು. ಹುಳ ಕೊಂದ ಪಾಪ ಹೊತ್ಕೊಂಡು ಮನೆಯೊಳಿಕ್ಕೆ ಬರಾಕಾಯ್ತದಾ?"

ಇರುವೆ ತುಳಿದರೂ "ಶಿವಶಿವಾ" ಅನ್ನುವ ಜನ. ಕಾಫಿಗೆ ಕಾಯಿಕೊರಕ ಹುಳ ಬಂದ ಮೇಲೆ ವಿಷ ಹೊಡೆಯದೆ ವಿಧಿಯಿರಲಿಲ್ಲ. ಹೊಡೆದ ಮೇಲೆ ಪಂಪನ್ನು ಚುಕ್ಕಿಕೆರೆಯಲ್ಲಿ ಮೂರು ಸಲ ಮುಳುಗಿಸಿ, ವಿಭೂತಿ ಬಳಿದು ಮನೆಗೆ ತರುತ್ತಿದ್ದರು. ಭಕ್ತಿಯೇನೋ ಸಾಚಾ, ಬುದ್ಧಿಯೇ ಕೈಕೊಟ್ಟಿತ್ತು.

"ಪಾಪ ಹೋಯ್ತೋ ಇಲ್ವೋ ನನಗೆ ಗೊತ್ತಿಲ್ಲ. ವಿಷ ಮಾತ್ರ ಅಲ್ಲೇ ಐತೆ" ಎಂದಳು ದೀಪಶ್ರೀ. "ಕೋಡಿ ಇಲ್ಲ ಅಂತೀರಿ. ಒಳಗೆ ಹೋಗಿದ್ದು ಎಲ್ಲಿಂದ ಹೊರಗೆ ಹೋಗ್ಬೇಕು? ಆ ನೀರು ಕೂಸಿನ ಬಾಯಿಗೆ ಬೇಡಮ್ಮಾ."

ಗುರುಶಾಂತಮ್ಮ ರೇಗಿದಳು. "ದೇವರ ನೀರಿಗೆ ವಿಷ ತಗಲ್ತದಾ? ಲೋಕದ ವಿಷಾನೆಲ್ಲ ಕುಡಿದೋನು ನಮ್ ಶಿವ!"

"ಶಿವ ಕುಡಿದ, ದಕ್ಕಿಸ್ಕೊಂಡ. ನಿಮ್ ಹಸು ಕುಡೀತು. ಇನ್ನು ಈ ಕೂಸಿಗೆ ಕುಡಿಸ್ತೀರಾ?"

ಗುಂಡಿ ತೋಡಿ ಬಾಗಿಲಿಗೆ ಬಂದಿದ್ದ ದೇವೀರಪ್ಪ ಹಾರೆ ಕೆಳಗಿಟ್ಟ. "ಬ್ಯಾಡ ಕಣೇ, ಕೊಡಬ್ಯಾಡ. ಡಬ್ಬೀಲಿ ಉಳಿದಿದ್ದ ಔಷಧೀನೂ ನಾನೇ ಕೆರೆಗೆ ಸುರಿದುಬುಟ್ಟೆ. ಮನೇಲಿ ಕೂಸೈತೆ, ವಿಷ ಇಡಬಾರದು ಅಂತ..." ಅವನು ಅತ್ತುಬಿಟ್ಟ.

ಗುರುಶಾಂತಮ್ಮ ದೇವರ ಮುಂದಿನ ಚೆಂಬಿನತ್ತ ತಿರುಗಿದಳು. ನರ್ಸಮ್ಮ ಬರುವುದು ಒಂದು ಗಳಿಗೆ ತಡವಾಗಿದ್ದರೆ ತನ್ನ ಕೈಯಾರೆ ಮೊಮ್ಮಗಳಿಗೆ ಕುಡಿಸುತ್ತಿದ್ದಳಲ್ಲ! ತನುಜಾ ಕೂಸನ್ನು ಎದೆಗೆ ಒತ್ತಿಕೊಂಡಳು.

"ಮತ್ತೆ ಏನ್ ಕೊಡ್ಲಿ ನರ್ಸಮ್ಮಾ?"

"ತಾಯಿ ಹಾಲು. ಆರು ತಿಂಗಳು ಬೇರೇನೂ ಬೇಡ."

ಗುರುಶಾಂತಮ್ಮ ಚೆಂಬಿಗೆ ಕೈಮುಗಿದು ಎತ್ತಿಕೊಂಡಳು. ಹಿತ್ತಿಲಾಚೆ ಹೋಗಿ ಹಸುವಿಗೆಂದು ತೋಡಿದ ಗುಂಡಿಗೆ ತೀರ್ಥವನ್ನು ಸುರಿದು, "ತಪ್ಪಾಯ್ತು ನನ್ನಪ್ಪಾ" ಎಂದಳು. ಕೆರೆ ನೀರು ಕುಡಿಯಬೇಡಿ, ಪಂಪು ಅಲ್ಲಿ ತೊಳೆಯಬೇಡಿ ಎಂದು ಅಂದೇ ದೇವೀರಪ್ಪ ಮನೆಮನೆಗೆ ಹೋಗಿ ಹೇಳಿಬಂದ. ಕೆರೆ ಯಾವಾಗ ತಿಳಿಯಾಗುತ್ತದೋ ಯಾರಿಗೂ ಗೊತ್ತಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಔಷಧಿ ಹೊಡೆದ ಪಂಪನ್ನು ಕೆರೆ, ಹಳ್ಳ, ಬಾವಿಯ ಹತ್ತಿರ ತೊಳೆಯಬೇಡಿ. ತೊಳೆದ ನೀರನ್ನು ಔಷಧಿ ಹೊಡೆದ ತೋಟಕ್ಕೇ ಚೆಲ್ಲಿ. ಉಳಿದ ಔಷಧಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ. ಯಾರಾದರೂ ಔಷಧಿ ಕುಡಿದುಬಿಟ್ಟರೆ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದೇವರ ಕೆರೆ ನಮ್ಮನ್ನು ಕಾಯಲಿ ಅನ್ನುತ್ತೇವಲ್ಲ, ಮೊದಲು ಕೆರೆಯನ್ನು ನಾವು ಕಾಯೋಣ. ಗುರುಶಾಂತಮ್ಮನಿಗೆ ಹಸು ತೆತ್ತ ಮೇಲೆ ಬುದ್ಧಿ ಬಂತು. ನೀವು ಏನನ್ನೂ ತೆರುವ ಮೊದಲೇ ಎಚ್ಚರವಾಗಿ.