ಗಂಟು ಇದ್ದ ಮೂರು ವಾರ

ಎದೆಯಲ್ಲಿ ಗಂಟು ಸಿಕ್ಕಿದ ದಿನದಿಂದ ನನ್ನ ಗಂಡ ಒಳ್ಳೆಯವನಾದ. ತಮಾಷೆಗೆ ಹೇಳುತ್ತಿಲ್ಲ. ಸ್ಕ್ಯಾನ್ ನೋಡಿದವರು ಮುಖ ಸಣ್ಣದು ಮಾಡಿಕೊಂಡು ಕ್ಯಾನ್ಸರ್ ಇರಬಹುದು ಎಂದಿದ್ದೇ ತಡ, ಮೂರು ವಾರ ಅವನ ಕೈ ನನ್ನ ಮೇಲೆ ಏಳಲಿಲ್ಲ. ಅಡ್ಮಿಟ್ ಆಗಬೇಕಾದರೆ ಇರಲೆಂದು ಎರಡು ಜೊತೆ ಬಟ್ಟೆ, ನನ್ನ ಗುರುತಿನ ಚೀಟಿ ತುಂಬಿದ ಬ್ಯಾಗನ್ನು ತಾನೇ ಹೆಗಲಿಗೇರಿಸಿಕೊಂಡು ಆಸ್ಪತ್ರೆಗೆ ಬರುತ್ತಿದ್ದ. ಲಾಂಡ್ರಿಯಲ್ಲಿ ನನ್ನ ಜೊತೆ ಇಸ್ತ್ರಿ ಮಾಡುವವಳು, "ಎಂಥಾ ಗಂಡನ್ನ ಪಡ್ಕೊಂಡಿದ್ದೀಯೇ!" ಎಂದು ಹೊಟ್ಟೆ ಉರಿದುಕೊಂಡಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಗಂಟು ಬೇಕಾಗಿತ್ತು.

ಬಯಾಪ್ಸಿ ರಿಪೋರ್ಟ್ ಬಂದ ದಿನ, ಅವನು ಟೀ ತರಲು ಹೋಗಿದ್ದಾಗ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು.

"ಕ್ಯಾನ್ಸರ್ ಅಲ್ಲಮ್ಮ. ಒಳಗಿನ ಕೊಬ್ಬು ಸತ್ತು ಗಟ್ಟಿಯಾಗಿದೆ ಅಷ್ಟೇ. ಅಪರೂಪಕ್ಕೆ ಇದು ಸ್ಕ್ಯಾನಲ್ಲಿ ಥೇಟ್ ಕ್ಯಾನ್ಸರ್ ಥರಾನೇ ಕಾಣುತ್ತೆ." ಪೆನ್ನು ಕೆಳಗಿಟ್ಟರು. "ಅಲ್ಲಿ ಜೋರಾಗಿ ಪೆಟ್ಟು ಬಿದ್ದಿತ್ತಾ?"

ಬಿದ್ದಿತ್ತು. ದಿನಕ್ಕೆ ಇನ್ನೂರು ಅಂಗಿಗೆ ಇಸ್ತ್ರಿ ಹಾಕುವ ನಾನು ಆರು ತಿಂಗಳ ಹಿಂದೆ ಅವನದೊಂದು ಕಾಲರ್ ಸುಟ್ಟಿದ್ದೆ. ಮೊಣಕೈಯಿಂದ ಗುದ್ದಿದ್ದ.

"ಬೀರುವಿನ ಬಾಗಿಲು ತಾಗಿತ್ತು," ಎಂದೆ.

ಅವರು ನಂಬಲಿಲ್ಲ.

"ಇನ್ನೊಂದು ಟೆಸ್ಟ್ ಇದೆ ಅಂತ ಅವರಿಗೆ ಹೇಳ್ತೀರಾ ಡಾಕ್ಟ್ರೇ? ಒಂದು ತಿಂಗಳು ಸಾಕು."

"ಸುಳ್ಳು ಹೇಳೋಕಾಗಲ್ಲಮ್ಮ. ಹೋಗೋಕೆ ಯಾರ ಮನೆಯಾದ್ರೂ ಇದೆಯಾ?"

"ಅಕ್ಕ ಇದ್ದಾಳೆ. ಇಲ್ಲೇ ಹತ್ರ."

ಹೊರಗೆ ನರ್ಸ್ ಆಗಲೇ ಅವನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಸಿಹಿಸುದ್ದಿಯಲ್ಲವೇ, ತಡೆದುಕೊಳ್ಳಲಾಗಲಿಲ್ಲ ಪಾಪ. ಅವನು ಎಲ್ಲರಿಗೂ ಕೈಮುಗಿದು ನಗುತ್ತಿದ್ದ. ಗೇಟು ದಾಟುವವರೆಗೂ ಆ ನಗು ಇತ್ತು.

"ಪೆಟ್ಟಿನ ಗಂಟಂತೆ," ಎಂದ ಮೆಲ್ಲಗೆ. "ಯಾರು ಹೊಡೆದ್ರು ಅಂತ ಹೇಳಿದೆ?"

"ಬೀರುವಿನ ಬಾಗಿಲು ಅಂದೆ."

"ಏನೂ ಇಲ್ಲ ಅಂತ ಗೊತ್ತಿತ್ತು ನಿಂಗೆ. ಮೂರು ವಾರ ಸೇವೆ ಮಾಡಿಸ್ಕೊಂಡೆ."

ಹೆಗಲಿನ ಬ್ಯಾಗು ತೆಗೆದು ನನ್ನ ಎದೆಗೆ ಎಸೆದ. ಗಂಟಿನ ಮೇಲೇ ಬಿತ್ತು. ಜೀವ ಹೋದಂತಾಯಿತು.

"ನಡಿ, ಮನೆಗೆ ಹೋಗಿ ಮಾತಾಡೋಣ."

ಎಂದಿನಂತೆ ಮುಂದೆ ಮುಂದೆ ನಡೆದ. ಹಿಂದೆ ತಿರುಗಿ ನೋಡುವ ಅಭ್ಯಾಸ ಅವನಿಗಿಲ್ಲ, ನಾನು ಬಂದೇ ಬರುತ್ತೇನೆ. ಆದರೆ ಇವತ್ತು ನನ್ನ ಕೈಯಲ್ಲಿ ಎರಡು ಜೊತೆ ಬಟ್ಟೆ ಇತ್ತು, ಗುರುತಿನ ಚೀಟಿ ಇತ್ತು. ಎಲ್ಲ ಅವನೇ ಜೋಡಿಸಿಟ್ಟಿದ್ದು. ಅಕ್ಕನ ಮನೆ ಎಡಕ್ಕೆ, ಎಂಟು ನಿಮಿಷದ ದಾರಿ.

ಅವನಿಗೂ ಗೊತ್ತಿರುವ ದಾರಿ. ನಾನು ಓಡತೊಡಗಿದೆ.